ಕೂತು ನೋಡದೆ ಕುರ್ಚಿ ಕೊಡದ ಮಾಮ

ಬೆಳಗಿನ ಆರು ಗಂಟೆ. ಓಣಿಯ ದೀಪಗಳಿನ್ನೂ ಆರಿಲ್ಲ. ಐವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯರೊಬ್ಬರು ಗಾಲಿಕುರ್ಚಿಯಲ್ಲಿ ಕೂತು, ಎರಡೂ ಕೈಯಿಂದ ಚಕ್ರ ತಳ್ಳುತ್ತಾ ಓಣಿಯ ತುದಿಯವರೆಗೆ ಹೋಗಿ ವಾಪಸ್ ಬರುತ್ತಾರೆ. ಆಮೇಲೆ ಎದ್ದು ಎರಡೇ ಹೆಜ್ಜೆಗೆ ಅಂಗಡಿಯೊಳಗೆ ಹೋಗುತ್ತಾರೆ. ಹೊಸಬರು ನೋಡಿದರೆ ಪವಾಡವೆಂದುಕೊಳ್ಳಬೇಕು. ಪೇಪರ್ ಹಾಕುವವನಿಗೆ ಇದು ಹಳೆಯ ನೋಟ. “ಏನ್ ಮಾಮ, ಕುರ್ಚಿ ಬಿಟ್ಟು ಏಳೋಕೆ ಮನಸ್ಸಾಯ್ತಾ? ದೊಡ್ಡ ದೊಡ್ಡೋರಿಗೇ ಆಗಲ್ಲ!” ಎಂದು ಕಿಚಾಯಿಸುತ್ತಾನೆ. ಮಾಮ ಇವತ್ತು ನಗುವುದಿಲ್ಲ.

ಕುರ್ಚಿ ಅವರದಲ್ಲ. ಒಳಗೆ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ನೀಲಿ ಬಟ್ಟೆ ತೊಟ್ಟು, ಮಡಿಲಲ್ಲಿ ಫೈಲು ಹಿಡಿದು ಕೂತ ಯುವತಿಯದು. ಹತ್ತು ಗಂಟೆಗೆ ಅವಳಿಗೆ ಕೆಲಸದ ಸಂದರ್ಶನವಿದೆ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಮೊದಲ ಕರೆ. ನಿನ್ನೆ ಸಂಜೆ ಕುರ್ಚಿಯ ಮುಂದಿನ ಪುಟ್ಟ ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿದೆ. ಅವಳ ಅಣ್ಣ ವ್ಯಾನಿನಲ್ಲಿ ಕರೆತಂದು ಬಿಟ್ಟುಹೋಗಿದ್ದಾನೆ, ಎಂಟೂವರೆಗೆ ಮತ್ತೆ ಬರುತ್ತಾನೆ.

ಮಾಮ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿದ್ದಾರೆ, ಹಿಂದಿನ ಟೈರುಗಳಿಗೆ ಗಾಳಿ ತುಂಬಿದ್ದಾರೆ. ಅವರು ಕೂತರೆ ಕುರ್ಚಿ ನೆಟ್ಟಗೆ ಹೋಗುತ್ತದೆ. ಅವಳನ್ನು ಕೂರಿಸಿದರೆ ಹತ್ತು ಅಡಿಯೊಳಗೆ ಎಡಕ್ಕೆ ಎಳೆದು ಗೋಡೆಗೆ ಮುಖ ಮಾಡುತ್ತದೆ.

“ಮಾಮ, ಹೀಗೇ ಹೋದ್ರೆ ಅವರ ಮೇಜಿಗೇ ಗುದ್ದಿಬಿಡ್ತೀನಿ,” ಎನ್ನುತ್ತಾಳೆ. ನಗಲು ನೋಡುತ್ತಾಳೆ, ಆಗುವುದಿಲ್ಲ.

“ಹೆದರ್ಕೋಬೇಡಮ್ಮ, ಇನ್ನೂ ಟೈಮಿದೆ,” ಎನ್ನುವ ಮಾಮನ ಕಣ್ಣು ಗೋಡೆ ಗಡಿಯಾರ ಬಿಟ್ಟು ಕದಲುವುದಿಲ್ಲ.

ಇದು ಒಂದು ಕಾಲಕ್ಕೆ ಸೈಕಲ್ ಅಂಗಡಿ. ಸುತ್ತಲ ನಾಲ್ಕು ಬೀದಿಯಲ್ಲಿ ಇದೂ ಸೇರಿ ಅಂಥವು ಒಂಬತ್ತಿದ್ದವು. ಒಂದು ದಿನ ಇಬ್ಬರು ಒಬ್ಬ ಹಿರಿಯರನ್ನು ಎತ್ತಿಕೊಂಡು, ಮೂರನೆಯವನು ಅವರ ಕುರ್ಚಿ ಹೊತ್ತುಕೊಂಡು ಬಂದರಂತೆ. ಎಂಟು ಅಂಗಡಿಯವರು ‘ಇದು ನಮ್ಮ ಕೆಲಸ ಅಲ್ಲ’ ಎಂದು ಸಾಗಹಾಕಿದ್ದರು. ಮಾಮ ಸರಿಮಾಡಿಕೊಟ್ಟರು, ಮಾಡಿ ಕೆಡಿಸಿದರು ಕೂಡ. “ಸೈಕಲ್ಲೋನ ಕೈ ನೋಡಿ, ಕಂಡಿದ್ದಕ್ಕೆಲ್ಲ ಎಣ್ಣೆ. ಫಳಫಳ ಅನ್ಲಿ ಅಂತ ಅವ್ರು ಕೈಯಲ್ಲಿ ಹಿಡಿದು ತಳ್ಳೋ ರಿಂಗಿಗೂ ಎಣ್ಣೆ ಒರೆಸ್ಬಿಟ್ಟೆ. ಇಳಿಜಾರಲ್ಲಿ ಹಿಡಿತ ಜಾರಿ ಬಿದ್ರು. ಮೊಣಕೈ ಚರ್ಮ ಪೂರ್ತಿ ಕಿತ್ತೋಯ್ತು. ಅವತ್ತೇ ಅನ್ಕೊಂಡೆ, ನಾನು ಕೂತು ನೋಡದೆ ಯಾರಿಗೂ ಕೊಡಲ್ಲ ಅಂತ.”

ಮೂರು ವರ್ಷದ ಹಿಂದೆ ಸೈಕಲ್ ಕೆಲಸ ಪೂರ್ತಿ ಬಿಟ್ಟರು. ಆಗ ದಿನಕ್ಕೆ ಇಪ್ಪತ್ತು ಸೈಕಲ್, ಈಗ ವಾರಕ್ಕೆ ಏಳೆಂಟು ಕುರ್ಚಿ. ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಕುರ್ಚಿಗಳ ಸೀಟು ಹೊಲಿಯುವ ಅವರ ಹೆಂಡತಿ ಲೆಕ್ಕ ಸರಿಪಡಿಸುತ್ತಾರೆ: “ಏಳೆಂಟು ಅನ್ನೋದು ಒಳ್ಳೆ ವಾರ. ಹೋದ ವಾರ ನಾಲ್ಕು ದಿನ ನೊಣ ಹೊಡೀತಿದ್ರು. ನಾನು ಬೆಳಿಗ್ಗೆ ಶಟರ್ ಎತ್ತೋವಾಗ್ಲೇ ಇವತ್ತು ಎಷ್ಟು ಬರುತ್ತೋ ಅಂತ ಲೆಕ್ಕ ಹಾಕ್ತೀನಿ.”

ಏಳೂವರೆಗೆ ಹಳೆಯ ಗಿರಾಕಿಯೊಬ್ಬ ಸೈಕಲ್ ತಳ್ಳಿಕೊಂಡು ಬರುತ್ತಾನೆ. “ಪಂಕ್ಚರ್ ಅಷ್ಟೇ ಕಣಣ್ಣ, ಐದು ನಿಮಿಷ.” ಮಾಮ ತಲೆಯೆತ್ತದೆ ಪಕ್ಕದ ಬೀದಿಗೆ ಕೈ ತೋರಿಸುತ್ತಾರೆ. ಹೆಂಡತಿ ನಿಟ್ಟುಸಿರು ಬಿಡುತ್ತಾರೆ. ಒಂದು ಪಂಕ್ಚರ್ ಹಾಕಿದರೆ ಏನು ಗಂಟು ಹೋಗುತ್ತದೆ ಎಂದು ಈ ಅಂಗಡಿಯ ಬಗ್ಗೆ ಬರೆಯಲು ಬಂದ ನನಗೂ ಅನಿಸುತ್ತದೆ, ಕೇಳಿಯೂಬಿಡುತ್ತೇನೆ.

“ಒಂದು ಮುಟ್ಟಿದ್ರೆ ಹಿಂದೇನೇ ಹತ್ತು ಬರ್ತವೆ ಸಾರ್. ಸೈಕಲ್ ಕೆಟ್ರೆ ಅವನು ತಳ್ಕೊಂಡು ನಡೀತಾನೆ. ಇದು ಕೆಟ್ರೆ ಇವಳು ಬೆಂಚಿಂದ ಎಲ್ಲಿಗೆ ಹೋಗ್ತಾಳೆ?” ಅದಕ್ಕೆಂದೇ ಎರಡು ಬದಲಿ ಕುರ್ಚಿ ಇಟ್ಟಿದ್ದಾರೆ. ಇವತ್ತು ಎರಡೂ ಬೇರೆಯವರ ಮನೆಯಲ್ಲಿವೆ.

ಎಂಟು ಗಂಟೆ. ಬೇರಿಂಗ್ ಬಿಚ್ಚಿ ಮತ್ತೆ ಹಾಕಿದ್ದಾಗಿದೆ. ಪುಟ್ಟ ಚಕ್ರಗಳನ್ನು ಅದಲುಬದಲು ಮಾಡಿದ್ದಾಗಿದೆ. ಕುರ್ಚಿ ಮಾತ್ರ ಗೋಡೆಯ ಕಡೆಗೇ. ಯುವತಿಯ ಫೋನು ಎರಡು ಸಲ ಹೊಡೆದುಕೊಳ್ಳುತ್ತದೆ. “ಆಗುತ್ತಮ್ಮ, ಮಾಡ್ತಿದಾರೆ,” ಎಂದು ತಾಯಿಗೆ ಹೇಳಿ, ಫೈಲಿನ ಹಾಳೆಗಳನ್ನು ಮತ್ತೆ ಎಣಿಸುತ್ತಾಳೆ. ನಾನೂ ಪೆನ್ನು ಜೇಬಿಗಿಟ್ಟು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದೇನೆ.

ಆಗ ಮೂಲೆಯಿಂದ ಹೆಂಡತಿಯ ದನಿ. “ರೀ, ಆ ಸೀಟು ನೋಡ್ರಿ. ಬಟ್ಟೆ ಸವೆದಿರೋದು ಎಡಗಡೆ ಮಾತ್ರ. ಅವಳು ಎಡಕ್ಕೆ ವಾಲಿ ಕೂರ್ತಾಳೆ. ನೀವು ಕಂಬದ ಥರ ನೆಟ್ಟಗೆ ಕೂತು ನೋಡಿದ್ರೆ ಹೇಗೆ ಗೊತ್ತಾಗುತ್ತೆ?”

ಮಾಮ ಸ್ಪ್ಯಾನರ್ ಕೆಳಗಿಡುತ್ತಾರೆ. “ಬಲಗಡೆ ಟೈರು ಮೊದಲು ಹೇಗಿತ್ತಮ್ಮಾ?”

“ಅದು ಯಾವಾಗ್ಲೂ ಸ್ವಲ್ಪ ಮೆತ್ತಗೇ ಇರ್ತಿತ್ತು ಮಾಮ.”

“ಅಯ್ಯೋ ನನ್ನ ಬುದ್ಧಿಗಿಷ್ಟು! ಎರಡಕ್ಕೂ ಸಮ ಗಾಳಿ ತುಂಬಿ ಸರಿ ಮಾಡ್ದೆ ಅನ್ಕೊಂಡಿದ್ದೆ. ಆ ಮೆತ್ತಗಿನ ಟೈರೇ ಬಲಕ್ಕೆ ಎಳೆದು ನಿನ್ನ ವಾಲೋದನ್ನ ಸರಿದೂಗಿಸ್ತಿತ್ತು,” ಎನ್ನುತ್ತಾ ಬಲಗಡೆಯ ಟೈರಿನ ಪಕ್ಕ ಮೊಣಕಾಲೂರುತ್ತಾರೆ. ಒಂದಿಷ್ಟು ಗಾಳಿ ಬಿಡುತ್ತಾರೆ, ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ, ಇನ್ನೊಂದಿಷ್ಟು ಬಿಡುತ್ತಾರೆ. ಅವಳನ್ನು ಕೂರಿಸುತ್ತಾರೆ. ಕುರ್ಚಿ ಓಣಿಯ ನಟ್ಟನಡುವೆ ಸಾಗುತ್ತದೆ. ಅವಳು ತುದಿಯವರೆಗೂ ಹೋಗಿ, ತಿರುಗಿ, ಫೈಲು ಎತ್ತಿ ಆಡಿಸುತ್ತಾಳೆ.

ವ್ಯಾನು ಹೋದಮೇಲೂ ಮಾಮನಿಗೆ ಸಮಾಧಾನವಿಲ್ಲ. ಇಷ್ಟು ವರ್ಷ ಕೂತು ನೋಡಿದ್ದು ಬರೀ ತನ್ನ ಮೈಗೆ ಸರಿಯಾಯಿತೇ ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಮುಂದಿನ ಕುರ್ಚಿ ಹತ್ತಿರಕ್ಕೆ ಎಳೆದು, ಗಾಳಿ ಪಂಪಿಗೆ ಕೈಹಾಕುವ ಮೊದಲು ಅದರ ಸೀಟಿನ ಸವೆತವನ್ನು ಬೆರಳಾಡಿಸಿ ನೋಡುತ್ತಾರೆ.

ಹತ್ತೂಕಾಲಿಗೆ ಫೋನು ಬರುತ್ತದೆ. ಮಾಮ ಸ್ಪೀಕರ್ ಹಾಕಿ ಹಿಡಿಯುತ್ತಾರೆ. “ಮಾಮ, ಒಳಗೆ ಕೂತಿದ್ದೀನಿ. ನಂದು ಎರಡನೇ ನಂಬರು. ಎದೆ ಢವಢವ ಅಂತಿದೆ. ಮೊದಲನೇ ಪ್ರಶ್ನೆ ಏನು ಕೇಳಬಹುದು? ಓ, ಕರೀತಿದಾರೆ, ಇಡ್ತೀನಿ ಇಡ್ತೀನಿ!”

ಯಂತ್ರದ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸದ ಹೆಂಡತಿ ಹೊಲಿಗೆ ನಿಲ್ಲಿಸಿ ಕೇಳುತ್ತಾರೆ: “ಕುರ್ಚಿ ಹೇಗಿದೆ ಅಂತ ಏನಾದ್ರೂ ಹೇಳಿದ್ಲಾ?”

“ಇಲ್ಲ ಕಣೇ,” ಎನ್ನುತ್ತಾರೆ ಮಾಮ. ಬೆಳಗಿನಿಂದ ಮೊದಲ ಸಲ ಅವರ ಮುಖ ಸಡಿಲವಾಗುತ್ತದೆ. “ಅದೊಂದನ್ನೇ ಮರೆತಿದ್ದಾಳೆ.”