ಬೆನ್ನುಚೀಲದ ಕಂಡಕ್ಟರ್

ಈಕೆಗೆ ಕೋಮಲಾ ಎಂದು ಹೆಸರಿಟ್ಟವರು ಯಾರು ಎಂದು ಡಿಪೋದ ಡ್ರೈವರುಗಳು ಆಗಾಗ ಕೇಳುತ್ತಿದ್ದರು. ಹೆಸರಿಗೂ ಆಕೆಯ ಬಾಯಿಗೂ ಸಂಬಂಧವೇ ಇರಲಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಹೊರಡುವ ಸರ್ಕಾರಿ ಬಸ್ಸುಗಳಲ್ಲಿ ಆಕೆ ಕಂಡಕ್ಟರ್. ಸಂತೆಯ ದಿನ ಜನ ಕೋಳಿ, ಗೊಬ್ಬರದ ಚೀಲ, ಎಣ್ಣೆ ಡಬ್ಬಿಗಳೊಂದಿಗೆ ಬಾಗಿಲಿಗೆ ಜೋತುಬಿದ್ದಾಗ, "ಒಳಗ ನಡೀರಿ, ಬಾಗಿಲೇನ್ ನಿಮ್ಮಪ್ಪ ಮಾಡಿಸಿಟ್ಟಾನೇನು?" ಎಂದು ಆಕೆ ಕೂಗಿದರೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಜಗಳವಿಲ್ಲದ ದಿನವೇ ಇಲ್ಲ. ನಿಂತು ಹೋಗುವ ಗಂಡಸರಿಗೆ ಸರ್ಕಾರದ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಕೈಗೆ ಸಿಗುತ್ತಿದ್ದವಳು ಆಕೆಯೊಬ್ಬಳೇ.

ಆ ಬಸ್ಸಿನ ಕಿಟಕಿಯಿಂದಲೇ ಕೋಮಲಾ ಗುಡ್ಡಗಳನ್ನು ನೋಡುತ್ತಿದ್ದುದು. ಕೂಡ್ಲಿಗಿಯ ಕಡೆ ಹೋದರೆ ಬಂಡೆಯ ಮೇಲೆ ಬಂಡೆ, ಹರಪನಹಳ್ಳಿಯ ಕಡೆ ಹೋದರೆ ದೂರದಲ್ಲಿ ಮಲಗಿದ ದನದ ಬೆನ್ನಿನಂತಹ ಸಾಲು, ಹಡಗಲಿಯ ಕಡೆ ತುಂಗಭದ್ರೆಯ ಹೊಳಪು. ಎಲ್ಲ ಊರುಗಳ ಹೆಸರನ್ನೂ ದಿನವಿಡೀ ಕೂಗುವವಳು, ಒಂದರಲ್ಲಿಯೂ ಇಳಿದವಳಲ್ಲ. ಒಮ್ಮೆ ಉಚ್ಚಂಗಿದುರ್ಗದ ಬುಡದಲ್ಲಿ ಬಸ್ಸು ಕೆಟ್ಟು ನಿಂತಿತು. ಮತ್ತೊಂದು ಬಸ್ಸು ಬಂದು ಜನರನ್ನು ಹತ್ತಿಸಿಕೊಂಡು ಹೋಯಿತು. ಡ್ರೈವರ್ ನೆರಳು ಹುಡುಕಿ ಮಲಗಿದ. ಮೆಕ್ಯಾನಿಕ್ ಬರುವುದು ಸಂಜೆಗೆ. ಕೋಮಲಾ ಖಾಕಿ ಅಂಗಿಯಲ್ಲೇ ಗುಡ್ಡ ಹತ್ತಿದಳು. ದೇವಿಯ ಗುಡಿಯ ತನಕ ಎಲ್ಲರೂ ಹೋಗುತ್ತಾರೆ. ಆಕೆ ಗುಡಿಯನ್ನೂ ದಾಟಿ, ಮುರಿದ ಕೋಟೆಗೋಡೆಯ ತುದಿಗೆ ಹೋಗಿ ಕುಳಿತಳು. ಕೆಳಗೆ ಮೆಕ್ಕೆಜೋಳದ ಹೊಲಗಳು, ತೆಲಿಗಿಯ ಕಡೆಗೆ ಹೋಗುವ ಇರುವೆಯಷ್ಟು ಬಸ್ಸು. ಆ ಬಸ್ಸಿನಲ್ಲಿ ಈಗ ಯಾರೋ ಯಾರೊಂದಿಗೋ ಚಿಲ್ಲರೆಗೆ ಜಗಳವಾಡುತ್ತಿದ್ದಾರೆ, ಅದು ನನಗೆ ಕೇಳಿಸುತ್ತಿಲ್ಲ ಎಂದುಕೊಂಡಾಗ ಆಕೆಗೆ ನಗು ಬಂತು.

ಅಂದಿನಿಂದ ವಾರದ ರಜೆ ಬಂದರೆ ಆಕೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ದಾವಣಗೆರೆಯಿಂದ ಸೊಂಟಕ್ಕೆ ಬಿಗಿಯುವ ಪಟ್ಟಿಯಿದ್ದ ದೊಡ್ಡ ಬೆನ್ನುಚೀಲ ತಂದಳು. ಮೊದಮೊದಲು ರಾತ್ರಿ ಉಳಿಯಬೇಕಾದರೆ ಲಾಡ್ಜು ಹುಡುಕುತ್ತಿದ್ದಳು. ಒಂದು ಊರಿನ ಲಾಡ್ಜಿನವನು ಆಕೆಯನ್ನು ಮೇಲಿಂದ ಕೆಳಗೆ ನೋಡಿ, "ಒಬ್ಬಾಕಿಗೆ ರೂಮ್ ಇಲ್ಲ, ಯಜಮಾನ್ರನ್ನ ಕರ್ಕಂಡ್ ಬರ್ರಿ" ಎಂದ. "ಯಜಮಾನ್ರು ಇದ್ದಿದ್ರ ನಿನ್ನ ಹತ್ರ ಯಾಕ್ ಬರ್ತಿದ್ದೆ?" ಎಂದು ಬೈದು ಹೊರಬಂದವಳು ಮರುವಾರವೇ ಒಂದು ಸಣ್ಣ ಟೆಂಟು ತರಿಸಿಕೊಂಡಳು.

ಮನೆಯವರು ಇನ್ನೂ ಬಿರುಸು. ತಂದೆ ರಾಮಣ್ಣ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿ ನಿವೃತ್ತನಾದವನು. ಸುತ್ತಿಗೆ ಹೊತ್ತು ಬಿಸಿಲಲ್ಲಿ ನಡೆದೇ ಆತನ ಮೊಣಕಾಲು ಹೋಗಿದ್ದವು. "ನಾನು ಸಂಬಳಕ್ಕ ನಡದೆ. ನೀನು ಪುಕ್ಸಟ್ಟೆ ನಡೀತಿ. ಯಾವ ಶಾಣ್ಯಾತನ ಇದು?" ಎಂದು ಕೇಳುತ್ತಿದ್ದ. ತಾಯಿ ಬಸಲಿಂಗಮ್ಮ ಕೇಳುತ್ತಲೂ ಇರಲಿಲ್ಲ, ಮಗಳು ಗುಡ್ಡಕ್ಕೆ ಹಾಕಿಕೊಳ್ಳುವ ಬೂಟುಗಳನ್ನು ನೀರಿನ ಡ್ರಮ್ಮಿನ ಹಿಂದೆ ಬಚ್ಚಿಡುತ್ತಿದ್ದಳು. ಕೋಮಲಾ ಬರಿ ಚಪ್ಪಲಿಯಲ್ಲೇ ಹೊರಟುಹೋದ ಒಂದು ದಿನ ಕಾಲು ತುಂಬ ಮುಳ್ಳು ಚುಚ್ಚಿಸಿಕೊಂಡು ಬಂದಳು. ಮರುದಿನದಿಂದ ಬೂಟುಗಳು ಬಾಗಿಲ ಬಳಿಯೇ ಇದ್ದವು. ತಾಯಿ ಮಾತ್ರ ಮಾತು ಬಿಟ್ಟಳು.

ಕೂಡ್ಲಿಗಿ ತಾಲೂಕಿನಲ್ಲಿ ಒಂದು ಊರು. ಹೆಸರು ಹೇಳುವುದು ಬೇಡ, ಅಲ್ಲಿಯೂ ಒಳ್ಳೆಯವರಿರಬಹುದು. ಊರ ಹಿಂದೆ ಗುಡ್ಡ, ಗುಡ್ಡದ ಮೇಲೆ ಯಾವುದೋ ಪಾಳೇಗಾರನ ಮುರುಕು ಕೋಟೆ. ಚಳಿ ಕಡಿಮೆಯಾಗುತ್ತಿದ್ದ ಕಾಲದಲ್ಲಿ ಕೋಮಲಾ ಅಲ್ಲಿಗೆ ಹೋದಳು. ಸಂಜೆಗೆ ಊರು ಸೇರಿ, ರಾತ್ರಿ ಬಂಡೆಯ ಮಗ್ಗುಲಲ್ಲಿ ಮಲಗಿ, ನಸುಕಿನಲ್ಲಿ ಗುಡ್ಡ ಹತ್ತುವುದು ಆಕೆಯ ಲೆಕ್ಕಾಚಾರ. ಆದರೆ ಊರ ಮುಂದೆ ಪೆಂಡಾಲು ಹಾಕಿದ್ದರು. ಊರಿನ ಗಂಡುಮಕ್ಕಳು ಕಲಿತ ಸಾಮಾಜಿಕ ನಾಟಕ ಅಂದು. ನಾಯಕಿಯ ಪಾತ್ರಕ್ಕೆ ಕೂಡ್ಲಿಗಿಯಿಂದ ಕಲಾವಿದೆಯನ್ನು ಕರೆಸಿದ್ದರು. ನಾಟಕವೆಂದರೆ ಕೋಮಲಾಗೆ ಪ್ರಾಣ. ತಿರುಗಾಟದಲ್ಲಿ ಎಲ್ಲಿ ಹಾರ್ಮೋನಿಯಂ ಕೇಳಿಸಿದರೂ ಹೋಗಿ ಕೂರುವವಳು. ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು, ಹೆಂಗಸರ ಸಾಲಿನ ತುದಿಯಲ್ಲಿ ಚೀಲ ಇಳಿಸಿ ಕುಳಿತಳು.

ಪಕ್ಕದ ಹೆಂಗಸು ಮೊದಲು ತನ್ನ ಮಗುವನ್ನು ಆಚೆ ಬದಿಗೆ ಎಳೆದುಕೊಂಡಳು. ಆಮೇಲೆ ಕೇಳಿದಳು.

"ಯಾರ ಮನಿಗೆ ಬಂದೀರಿ?"

"ಯಾರ ಮನಿಗೂ ಇಲ್ಲ. ಗುಡ್ಡ ನೋಡಾಕ ಬಂದೀನಿ."

"ಗುಡ್ಡದಾಗ ಏನೈತಿ?"

"ಏನೂ ಇಲ್ಲ. ಅದಕ್ಕ ಬಂದೀನಿ."

ಈ ಉತ್ತರ ಕೊಡಬಾರದಿತ್ತು. ಹಿಂದಿನ ತಿಂಗಳಷ್ಟೇ ಆ ಕೋಟೆಯಲ್ಲಿ ನಿಧಿಗಳ್ಳರು ನೆಲ ಅಗೆದು, ಊರವರು ಪೂಜಿಸುತ್ತಿದ್ದ ಕಲ್ಲಿನ ಬಸವಣ್ಣನ ಕೊರಳು ಮುರಿದು ಹೋಗಿದ್ದರು. ಯಾರೂ ಸಿಕ್ಕಿರಲಿಲ್ಲ. ಊರಿನ ಸಿಟ್ಟು ಆರಿರಲಿಲ್ಲ. ಹೆಂಗಸು ಎದ್ದು ಹೋಗಿ ಗಂಡಸರ ಕಿವಿಯಲ್ಲಿ ಏನೋ ಹೇಳಿದಳು. ಊರಿಗೆ ನೀರು ಬಿಡುವ ನೀರುಗಂಟಿ ಸುಂಕಪ್ಪ ಬಂದವನೇ ಚೀಲವನ್ನು ಕಾಲಿನಿಂದ ಒದ್ದ. ಒಳಗೆ ಕಬ್ಬಿಣದ ಸದ್ದಾಯಿತು.

"ಲೇ, ಆಯುಧ ಐತಿ ಇದರಾಗ!"

ಮುಂದೆ ಎಲ್ಲವೂ ಬೇಗ ಬೇಗ ನಡೆದುಹೋಯಿತು. ಚೀಲವನ್ನು ಕಿತ್ತುಕೊಂಡರು. ತಡೆಯಲು ಹೋದ ಕೋಮಲಾಳ ತೋಳು ಹಿಡಿದು ಎಳೆದರು, ಅಂಗಿಯ ಭುಜ ಹರಿಯಿತು. ನಾಟಕದ ಪರದೆ ಎದ್ದಿತ್ತು, ದೀಪಗಳು ಉರಿಯುತ್ತಿದ್ದವು. ಆ ಸ್ಟೇಜಿನ ಮೇಲೆಯೇ ಆಕೆಯನ್ನು ನಿಲ್ಲಿಸಿ ಚೀಲ ಸುರುವಿದರು. ಟೆಂಟಿನ ಕಡ್ಡಿಗಳು, ಹಗ್ಗ, ಹಣೆಗೆ ಕಟ್ಟುವ ಟಾರ್ಚು, ಚಾಕು, ಪುಟ್ಟ ಗ್ಯಾಸ್ ಒಲೆ, ಒಳ ಉಡುಪು, ಒಂದು ಕೈಸಲಿಕೆ. ಸಲಿಕೆ ಕಂಡದ್ದೇ ತಡ ಪೆಂಡಾಲು ಹೋ ಎಂದಿತು. ಯಾರೋ ಟೆಂಟಿನ ಬಟ್ಟೆಯನ್ನು ಎರಡು ಬದಿಯಿಂದ ಜಗ್ಗಿ ಹರಿದರು.

ಊರಿನ ಹಿರಿಯ ಶಿವಯೋಗಪ್ಪ ಮೈಕು ತೆಗೆದುಕೊಂಡ. ನಾಟಕ ಉದ್ಘಾಟಿಸಲು ಹಾಕಿಕೊಂಡಿದ್ದ ಹಾರ ಇನ್ನೂ ಕೊರಳಲ್ಲೇ ಇತ್ತು.

"ಹೇಳವಾ, ಎಷ್ಟ್ ಮಂದಿ ಅದೀರಿ? ಗಂಡಸ್ರು ಎಲ್ಲಿ ಅಡಗ್ಯಾರ?"

"ನಾ ಒಬ್ಬಾಕೀನ."

"ಒಬ್ಬಾಕಿ ಹೆಣ್ಣುಮಗಳು ಕತ್ತಲಾಗ ಗುಡ್ಡಕ್ಕ ಯಾಕ ಬರ್ತಾಳ? ಈ ಸಲಿಕಿ ಯಾತಕ್ಕ?"

ಒಳ ಉಡುಪುಗಳು ಎಲ್ಲರ ಮುಂದೆ ದೀಪದ ಬೆಳಕಿನಲ್ಲಿ ಬಿದ್ದಿದ್ದವು. ಅಳು ಬಂದರೆ ಕೆಟ್ಟೆ ಎಂದುಕೊಂಡು ಕೋಮಲಾ ಮೊದಲು ಅವನ್ನು ಹೆಕ್ಕಿ ಚೀಲಕ್ಕೆ ತುರುಕಿದಳು. ಆಮೇಲೆ ಶಿವಯೋಗಪ್ಪನ ಕೈಯಿಂದ ಮೈಕು ಕಿತ್ತುಕೊಂಡಳು. ಸಂತೆಯ ದಿನದ ದನಿ ತಾನಾಗಿಯೇ ಬಂತು.

"ಬಯಲಕಡಿಗೆ ಹೋದ್ರ ಕುಣಿ ತೋಡಿ ಮುಚ್ಚಾಕ ಈ ಸಲಿಕಿ! ನಿಮ್ಮೂರ ದಾರೀಲಿ ಬಂದೀನಿ ನಾನು, ಎರಡೂ ಕಡಿ ನೋಡ್ಕಂತ ಬಂದೀನಿ. ನೀವ್ಯಾರೂ ಮುಚ್ಚಾಕಿಲ್ಲ. ನಾ ಮುಚ್ತೀನಿ. ಅದು ತಪ್ಪೇನು?"

ಹೆಂಗಸರ ಕಡೆಯಿಂದ ಕಿಸಕ್ಕೆಂದು ನಗು ಎದ್ದಿತು. ಗಂಡಸರಿಗೆ ಅದು ಬೆಂಕಿಗೆ ತುಪ್ಪ ಸುರಿದಂತಾಯಿತು. ಸುಂಕಪ್ಪ ಕೈಯೆತ್ತಿದ. ಕೋಮಲಾ ಗುರುತಿನ ಚೀಟಿ ತೆಗೆದು ಅವನ ಮುಖದ ಮುಂದೆ ಹಿಡಿದಳು. ಶಿವಯೋಗಪ್ಪ ಅದನ್ನು ತಿರುಗಿಸಿ ತಿರುಗಿಸಿ ಓದಿದ. ಹೆಸರಿತ್ತು, ತಂದೆಯ ಹೆಸರಿತ್ತು. ಅವನಿಗೆ ಬೇಕಾದದ್ದು ಇರಲಿಲ್ಲ.

"ಕಂಡಕ್ಟರ್ ಅಂತೀಯಲ್ಲ. ಯಾರ ಪೈಕಿ ನೀನು?"

"ಟಿಕೆಟ್ ಕೊಡೋವಾಗ ನಿಮ್ಮನ್ನ ಯಾರ ಪೈಕಿ ಅಂತ ಕೇಳಿ ಕೊಡ್ತೀನೇನ್ರಿ?"

ಆ ಹೊತ್ತಿಗೆ ಪಕ್ಕದ ಪರದೆ ಸರಿಸಿಕೊಂಡು ನಾಯಕಿಯ ಪಾತ್ರದ ನಾಗಲಿಂಗಮ್ಮ ಹೊರಬಂದಳು. ಮುಖದ ತುಂಬ ಬಣ್ಣ, ಮೈಮೇಲೆ ಮಿಂಚಿನ ಸೀರೆ, ಸಿಟ್ಟಿನಿಂದ ಅದುರುತ್ತಿದ್ದ ಮೂಗುತಿ.

"ಆಕಿನ ಬಿಡ್ತೀರೋ, ನಾ ಬಣ್ಣ ತೊಳಕೊಳ್ಲೋ? ಒಂದು ಹೇಳ್ರಿ. ಇನ್ನೊಂದ್ ಗಳಿಗಿ ಕಾಯಾಂಗಿಲ್ಲ ನಾನು."

ನಾಟಕ ನಿಂತರೆ ಊರಿನ ಮಾನ ಹೋಗುತ್ತಿತ್ತು. ಸುತ್ತಲ ಹಳ್ಳಿಗಳವರೆಲ್ಲ ಬಂದು ಕುಳಿತಿದ್ದರು. ಶಿವಯೋಗಪ್ಪ ಹಲ್ಲು ಕಚ್ಚಿ ತೀರ್ಪು ಕೊಟ್ಟ. ಹೆಂಗಸು ಬೆಳಗಿನ ತನಕ ಬಣ್ಣದ ಮನೆಯಲ್ಲಿ ಕೂರಬೇಕು, ಮೊದಲ ಬಸ್ಸಿಗೆ ಊರು ಬಿಡಬೇಕು, ಮತ್ತೆ ಇತ್ತ ತಲೆ ಹಾಕಬಾರದು. ಬಾಗಿಲಿಗೆ ಸುಂಕಪ್ಪನ ಕಾವಲು.

ನಾಗಲಿಂಗಮ್ಮ ತನ್ನ ಪರವಾಗಿ ನಿಂತಳೆಂದು ಕೋಮಲಾ ಕೃತಜ್ಞತೆ ಹೇಳಲು ಹೋದಳು. ಆಕೆ ಕನ್ನಡಿಯಿಂದ ಮುಖ ತಿರುಗಿಸಲೇ ಇಲ್ಲ.

"ನಿನ್ನ ಸಲುವಾಗಿ ಏನೂ ಮಾಡಿಲ್ಲ ನಾನು. ನಾಟಕ ತಡ ಆದ್ರ ನಾಳಿ ಇನ್ನೊಂದೂರಿಗೆ ಹೋಗಾಕ ನಂಗ ತಡ ಆಕ್ಕತಿ. ನಾನೂ ಒಬ್ಬಾಕೀನ ತಿರಗ್ತೀನಿ, ಹೊಟ್ಟಿ ಸಲುವಾಗಿ. ಬಸ್ ಸ್ಟ್ಯಾಂಡಿನ್ಯಾಗ ಮಲಗೀನಿ, ಬೈಸ್ಕೊಂಡೀನಿ. ನಿಂಗ ಸರ್ಕಾರಿ ನೌಕ್ರಿ ಐತಿ, ಮನಿ ಐತಿ. ನಿಂಗೇನ್ ಬಂದೈತಿ ದೊಡ್ಡ ರೋಗ?"

ಸ್ಟೇಜಿನಿಂದ ಬಾಚಿ ತಂದ ಒಲೆ, ಸಲಿಕೆ, ಹರಿದ ಟೆಂಟನ್ನು ಕೋಮಲಾ ಚೀಲಕ್ಕೆ ತುಂಬಿಕೊಂಡಳು. ನಾಟಕ ನಡೆಯಿತು. ಪರದೆಯ ಹಿಂದಿನಿಂದ ಆಕೆ ನಾಗಲಿಂಗಮ್ಮನ ಬೆನ್ನನ್ನಷ್ಟೇ ನೋಡಿದಳು. ಆ ಬೆನ್ನು ಹಾಡುವಾಗ ನೆಟ್ಟಗಾಗುತ್ತಿತ್ತು, ಒಳಬಂದ ಕೂಡಲೇ ಕುಸಿಯುತ್ತಿತ್ತು. ಕೊನೆಯ ಅಂಕಕ್ಕೆ ಮೊದಲು ಬಂದು ಒಂದು ಸೂಜಿದಾರವನ್ನು ಕೋಮಲಾಳ ತೊಡೆಯ ಮೇಲೆ ಎಸೆದು, "ಭುಜ ಹೊಲ್ಕೊ, ಕಾಣ್ತೈತಿ" ಎಂದು ಹೋದಳು.

ಬೆಳಕು ಹರಿದಾಗ ಬಸ್ಸು ಬಂತು. ಡ್ರೈವರ್ ರಾಮಾಂಜಿನಿ ಆಕೆಯ ಡಿಪೋದವನೇ. ಹೊಲಿದ ಭುಜ, ಸುತ್ತಲಿನ ಜನ, ಬಡಿಗೆ ಹಿಡಿದು ನಿಂತ ಸುಂಕಪ್ಪ, ಎಲ್ಲವನ್ನೂ ನೋಡಿ ಅವನಿಗೆ ವಿಷಯ ಅರ್ಥವಾಯಿತು.

"ಹತ್ತಕ್ಕಾ, ಸುಮ್ನ ಹತ್ತು. ಈ ಮಂದಿ ಸರಿ ಇಲ್ಲ."

ಕೋಮಲಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಹಿಂದಿನಿಂದ ಯಾರೋ ನಕ್ಕರು. ಆ ನಗು ಕೇಳದಿದ್ದರೆ ಆಕೆ ಹತ್ತಿ ಹೋಗಿಬಿಡುತ್ತಿದ್ದಳೇನೋ. ಕಾಲು ಕೆಳಗಿಟ್ಟು, "ನೀ ನಡಿ ರಾಮಾಂಜಿನಿ, ನನ್ನ ರಜಾ ಇನ್ನೂ ಮುಗಿದಿಲ್ಲ" ಎಂದಳು. ಬಸ್ಸು ಒಂದಿಷ್ಟು ಹೊತ್ತು ಕಾಯ್ದು, ಹಾರ್ನು ಹೊಡೆದು, ಹೋಯಿತು. ಕೋಮಲಾ ಚೀಲ ಬಿಗಿದುಕೊಂಡು ಗುಡ್ಡದ ದಾರಿ ಹಿಡಿದಳು.

ಹಗಲಲ್ಲಿ, ಹೊಲಕ್ಕೆ ಹೊರಟವರ ಕಣ್ಣೆದುರು ಹೆಣ್ಣಿನ ಮೇಲೆ ಕೈಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಆದರೆ ಬಿಡುವುದೂ ಆಗದು. ಶಿವಯೋಗಪ್ಪ ಮತ್ತು ಸುಂಕಪ್ಪ ಬೆನ್ನು ಹತ್ತಿದರು. ಆಕೆ ನಿಂತರೆ ಅವರೂ ನಿಲ್ಲುತ್ತಿದ್ದರು. ಕಾರೆ ಮುಳ್ಳಿನ ಪೊದೆಗಳು, ಬಂಡೆಗಳ ನಡುವೆ ನುಸುಳಬೇಕಾದ ಕಿಂಡಿ, ಹುತ್ತ ಕೆದರಿಹೋದ ಕರಡಿಯ ಉಗುರಿನ ಗುರುತು. ಬಿಸಿಲೇರಿತು. ಹಿಂದೆ ಏದುಸಿರು ಕೇಳಿಸುತ್ತಿತ್ತು. ಇಬ್ಬರೂ ನೀರು ತಂದಿರಲಿಲ್ಲ. ಇಷ್ಟು ದೂರ ಹತ್ತುತ್ತಾಳೆಂದು ಅಂದುಕೊಂಡಿರಲಿಲ್ಲ.

ಮೇಲೆ ಕೋಟೆಯ ಬಾಗಿಲಲ್ಲಿ ನಿಧಿಗಳ್ಳರ ಕುಣಿ ಇತ್ತು, ಆಳೆತ್ತರ ಆಳ. ಪಕ್ಕದಲ್ಲಿ ಕೊರಳು ಮುರಿದ ಬಸವಣ್ಣ. ಮುರಿದ ತಲೆಗೆ ಯಾರೋ ವಿಭೂತಿ ಹಚ್ಚಿ ದೇಹಕ್ಕೆ ಒರಗಿಸಿಟ್ಟಿದ್ದರು. ಕೋಮಲಾ ಅದನ್ನು ನೋಡುತ್ತ ನಿಂತಳು. ಶಿವಯೋಗಪ್ಪನಿಗೆ ರಾತ್ರಿ ಬಂದ ಸಿಟ್ಟು ಎಲ್ಲಿಂದ ಬಂದಿತ್ತೆಂದು ಆಕೆಗೆ ತಿಳಿಯಿತು. ಅದನ್ನು ಕ್ಷಮಿಸಲು ಮಾತ್ರ ಆಗಲಿಲ್ಲ. ಆ ಕುಣಿ ತನ್ನ ಕೈಸಲಿಕೆಯಿಂದ ತೋಡುವಂಥದ್ದಲ್ಲವೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಅವರಿಬ್ಬರಿಗೂ ಗೊತ್ತಿತ್ತು.

ಆಕೆ ಗೋಡೆಯ ನೆರಳಿನಲ್ಲಿ ಕುಳಿತು ನೀರಿನ ಬಾಟಲಿ ತೆಗೆದಳು. ಸುಂಕಪ್ಪ ತುಟಿ ನೆಕ್ಕಿಕೊಂಡ.

"ಯಕ್ಕಾ, ಒಂದ್ ಗುಟುಕು ನೀರು..."

ಕೋಮಲಾ ಶಿವಯೋಗಪ್ಪನ ಕಡೆ ನೋಡಿದಳು. ಅವನ ಮುಖ ಕೆಂಪೇರಿತ್ತು, ಬಂಡೆಗೆ ಕೈಯೂರಿ ನಿಂತಿದ್ದ.

"ರಾತ್ರಿ ಕೇಳಿದ್ರಲ್ಲ, ಈಗ ಹೇಳ್ತೀನಿ. ನಮ್ಮ ಮನ್ಯಾಗ ಬುದ್ಧನ ಪಟ ಐತಿ, ಬಾಬಾಸಾಹೇಬರ ಫೋಟೋ ಐತಿ. ಹೊಲಗೇರಿ ಮಂದಿ ನಾವು. ಈ ನೀರು ನಮ್ಮವ್ವ ತುಂಬಿದ್ದು. ಕುಡೀತೀರೇನು?"

ಸುಂಕಪ್ಪ ಹಿರಿಯನ ಮುಖ ನೋಡಿದ. ನೆಲ ನೋಡಿದ. ಆಮೇಲೆ ಬಾಟಲಿ ಇಸಿದುಕೊಂಡು ಗಟಗಟನೆ ಕುಡಿದ. ಶಿವಯೋಗಪ್ಪ, "ನಂಗ ನೀರಡಿಕಿಲ್ಲ" ಎಂದ. ದನಿ ಒಡೆದು ಬಂತು. ಸುಂಕಪ್ಪನಿಗಾಗಿ ಕಾಯದೆ ಇಳಿಯತೊಡಗಿದ. ಮೊದಲ ತಿರುವಿನಲ್ಲಿ ಕಾಲು ಜಾರಿ ಕುಳಿತು, ಎದ್ದು, ಪಂಚೆ ಝಾಡಿಸಿಕೊಂಡು ಮತ್ತೆ ಇಳಿದ. ಕೋಮಲಾ ಕರೆಯಲಿಲ್ಲ.

ಸುಂಕಪ್ಪ ಬಾಟಲಿ ತಿರುಗಿ ಕೊಡುತ್ತ ಗೊಣಗಿದ. "ನಿನ್ನಿಂದ ಊರಾಗ ನಂಗ ಮಾತು ಬರ್ತಾವ. ಲಗೂನ ಇಳಿದು ಹೋಗಿಬಿಡು."

"ಇಳೀಬೇಕಂತ ಅನಸಿದಾಗ ಇಳೀತೀನಿ."

ಸುಂಕಪ್ಪನೂ ಇಳಿದುಹೋದ. ಮಧ್ಯಾಹ್ನದ ತನಕ ಆಕೆ ಅಲ್ಲಿಯೇ ಇದ್ದಳು. ಹದ್ದೊಂದು ಕೋಟೆಯ ಮೇಲೆ ಸುತ್ತು ಹಾಕುತ್ತಿತ್ತು. ರಾತ್ರಿ ನುಂಗಿದ ಅಳು ಈಗ ಬಂತು. ನೋಡುವವರಿರಲಿಲ್ಲ, ಅತ್ತಳು. ಆಮೇಲೆ ಒಲೆ ಹಚ್ಚಿ ನೂಡಲ್ಸ್ ಬೇಯಿಸಿ ತಿಂದಳು.

ಸ್ಟೇಜಿನ ಮೇಲಿನ ಮಾತನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದು ಆಕೆಗಿಂತ ಮೊದಲೇ ಹಗರಿಬೊಮ್ಮನಹಳ್ಳಿ ತಲುಪಿತು. ಬಸ್ಸಿನಲ್ಲಿ ಕಾಲೇಜು ಹುಡುಗರು "ಸಲಿಕಿ ಕಂಡಕ್ಟರ್" ಎಂದು ಹಿಂದಿನಿಂದ ಕೂಗತೊಡಗಿದರು. ಠಾಣೆಯಲ್ಲಿ ಆಕೆಯ ದೂರು ಬರೆದುಕೊಂಡರು, ರಾಜಿ ಮಾಡಿಕೊಳ್ಳಿ ಎಂದೂ ಹೇಳಿದರು. ಆಕೆ ಒಪ್ಪಲಿಲ್ಲ. ಪ್ರಕರಣ ಇನ್ನೂ ಹಾಗೆಯೇ ಇದೆ. ರಾಮಣ್ಣ ಆ ವಿಡಿಯೊವನ್ನು ಪಕ್ಕದ ಮನೆಯವರ ಫೋನಿನಲ್ಲಿ ನೋಡಿ, ಹೊರಗೆ ಹೋಗಿ ಬೀಡಿ ಸೇದಿದ. ಬಸಲಿಂಗಮ್ಮ ಎಷ್ಟೋ ದಿನಗಳ ಮೇಲೆ ಬಾಯಿಬಿಟ್ಟಳು. "ಮಂದಿ ಮುಂದ ಎಂಥಾ ಮಾತಾಡಿದೆಲೇ! ನಾಚಿಗಿ ಹುಟ್ಟಲಿಲ್ಲೇನು ನಿಂಗ?"

"ನಾಚಿಗಿ ಅವರಿಗೆ ಹುಟ್ಟಬೇಕಿತ್ತವಾ."

ತಾಯಿ ತಟ್ಟೆ ಕುಕ್ಕಿ ಎದ್ದುಹೋದಳು. ಮತ್ತೆ ಮಾತು ನಿಂತಿತು.

ಕೋಮಲಾ ಟೆಂಟಿಗೆ ತೇಪೆ ಹಾಕಿಕೊಂಡಳು. ಮುಂದಿನ ರಜೆಗೆ ಹಡಗಲಿ ಕಡೆಯ ಬಸ್ಸು ಹತ್ತಿ, ಹೊಳೆಯ ದಂಡೆಯಲ್ಲಿ ಇಳಿದಳು. ಬಯಲಾಟವೋ ನಾಟಕವೋ, ಆಚೆ ದಂಡೆಯ ಊರಿನಿಂದ ಮದ್ದಲೆಯ ಸದ್ದು ತೇಲಿ ಬರುತ್ತಿತ್ತು. ಈ ಸಲ ಆಕೆ ಆ ಕಡೆ ಹೋಗಲಿಲ್ಲ. ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಕುರಿಗಾಹಿಯೊಬ್ಬ ದೂರದಿಂದ ನಾಯಿ ಛೂ ಬಿಟ್ಟು ಕೂಗಿದ. "ಯಾರವಾ ಅದು? ಒಬ್ಬಾಕೀನ ಏನ್ ಮಾಡಾಕತ್ತಿ ಅಲ್ಲಿ?"

"ಕುಂತೀನಿ!" ಎಂದು ಕೋಮಲಾ ಕೂಗಿ ಹೇಳಿದಳು. ನಾಯಿ ಹತ್ತಿರ ಬಂತು. ಆಕೆ ಒಂದು ಕಲ್ಲು ಕೈಯಲ್ಲಿಟ್ಟುಕೊಂಡು, ಅದು ಬೊಗಳಿ ಸುಸ್ತಾಗುವ ತನಕ ಕುಳಿತೇ ಇದ್ದಳು.