ಕಾಡಿಗೆ ಹಿಮ ಹೊತ್ತ ದಿನ

ಹಿಲ್ಲೆವಿಯ ಕೆಲಸ ಏನೆಂದು ಕೇಳಿದರೆ ಟಾಲ್‌ಮಿರಾ ಹಳ್ಳಿಯವರು ಮೊದಲು ನಗುತ್ತಿದ್ದರು, ಆಮೇಲೆ ಹೇಳುತ್ತಿದ್ದರು: ಕಾಡಿನಲ್ಲಿ ಹಿಮ ಎತ್ತಿಹಾಕುತ್ತಾಳೆ. ಮನೆಯಂಗಳದ ಹಿಮವಲ್ಲ, ರಸ್ತೆಯದ್ದೂ ಅಲ್ಲ. ಯಾರೂ ನಡೆದಾಡದ ಸ್ಪ್ರೂಸ್ ಕಾಡಿನ ನಡುವೆ ಹಗ್ಗ ಕಟ್ಟಿದ ಆರು ಚೌಕಗಳಿದ್ದವು. ಚಳಿಗಾಲ ಶುರುವಾದಾಗಿನಿಂದ ಹೊಸ ವರ್ಷ ಕಳೆದು ಒಂದಷ್ಟು ದಿನದವರೆಗೆ ಮೂರರಲ್ಲಿ ಬಿದ್ದ ಹಿಮವನ್ನು ಬಿದ್ದಹಾಗೇ ಎತ್ತಿಹಾಕುವುದು, ಉಳಿದ ಮೂರನ್ನು ಮುಟ್ಟದೆ ಬಿಡುವುದು. ಇಷ್ಟಕ್ಕೆ ಅರಣ್ಯ ಸಂಶೋಧನಾ ಕೇಂದ್ರ ಅವಳಿಗೆ ಸಂಬಳ ಕೊಡುತ್ತಿತ್ತು.

ಲಾರಿ ಓಡಿಸುವವನ ಮಗಳು ಅವಳು. ಶಾಲೆ ಮುಗಿಸಿ ಮರದ ಮಿಲ್ಲಿನಲ್ಲಿ ಹಲಗೆ ಆರಿಸುವ ಕೆಲಸಕ್ಕೆ ಸೇರಿದ್ದಳು. ಬೆಳಗಿನಿಂದ ಸಂಜೆಯವರೆಗೆ ಆ ಗರಗಸದ ಸದ್ದು ಕಿವಿಯಲ್ಲಿ ಕುಳಿತು, ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಯೆರ್ಕೆರ್‌ನನ್ನು ಮದುವೆಯಾಗಿ ಈ ಹಳ್ಳಿಗೆ ಬಂದ ಮೇಲೆ ಈ ಕೆಲಸ ಸಿಕ್ಕಿತು. ಗಂಡ ಮರ ಕಡಿಯುವ ಯಂತ್ರದ ಜೊತೆ ವಾರಗಟ್ಟಲೆ ದೂರ ಇರುತ್ತಿದ್ದ. ಅವಳು ಮಗಳು ಲೋವಾಳನ್ನು ಹಿಮಸಾರಂಗದ ಚರ್ಮದಲ್ಲಿ ಸುತ್ತಿ, ಪುಟ್ಟ ಜಾರುಬಂಡಿಯಲ್ಲಿ ಮಲಗಿಸಿ, ಸೊಂಟಕ್ಕೆ ಹಗ್ಗ ಬಿಗಿದು ಸ್ಕೀ ಮೇಲೆ ಹೊರಡುತ್ತಿದ್ದಳು. ತಾಯಿ ಸಲಿಕೆ ಹಿಡಿದಿದ್ದಷ್ಟು ಹೊತ್ತು ಮಗು ಮೂಗಿನ ತುದಿ ಕೆಂಪಗೆ ಮಾಡಿಕೊಂಡು ಸುಖವಾಗಿ ನಿದ್ದೆ ಹೊಡೆಯುತ್ತಿತ್ತು. ಇಂಥ ಕೆಲಸ ಎಲ್ಲಿ ಸಿಕ್ಕೀತು?

ಆದರೆ ಆ ಚಳಿಗಾಲವೇ ಕೊನೆಯದಾಗಬಹುದು ಎಂದು ಕೇಂದ್ರದಿಂದ ಸುದ್ದಿ ಬಂದಿತ್ತು. ವಸಂತದ ಕರಗುನೀರಿನಲ್ಲಿ ಎರಡು ಬಗೆಯ ಚೌಕಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಂಡರೆ ಕೆಲಸ ಮುಂದುವರಿಯುತ್ತದೆ. ಕಾಣದಿದ್ದರೆ ಹಗ್ಗ ಬಿಚ್ಚಿ ಸುತ್ತಿಡುವುದು, ಹಿಲ್ಲೆವಿ ಮತ್ತೆ ಮಿಲ್ಲಿಗೆ.

ಅವಳ ಮಾವ ಎವರ್ಟ್‌ಗೆ ಇದೆಲ್ಲ ತಮಾಷೆ. ಹಳ್ಳಿಯ ಸಭಾಮನೆಯಲ್ಲಿ ಅಲ್ಲಿಯ ರೂಢಿಯಂತೆ ಕಾಫಿಗೆ ಗಿಣ್ಣಿನ ತುಂಡು ಹಾಕಿ ನೆನೆಸುತ್ತಾ, ಎಲ್ಲರಿಗೂ ಕೇಳುವಂತೆ ಶುರುಮಾಡುತ್ತಿದ್ದ.

"ಚಳಿಗಾಲ ಬೆಚ್ಚಗಾದ್ರೆ ನೆಲ ತಣ್ಣಗಾಗುತ್ತಂತೆ. ನನ್ ಸೊಸೆ ಕಂಡುಹಿಡಿದಿದಾಳೆ. ನಾಳೆ ಕಾಫಿ ಬಿಸಿ ಮಾಡೋಕೆ ಹೊರಗಿಡ್ತಾಳೆ, ನೋಡ್ತಾ ಇರಿ."

"ಅಲ್ಲಾ ಮಾವ, ಬೆಚ್ಚಗಾದ್ರೆ ಹಿಮ ತಡವಾಗಿ ಬೀಳುತ್ತೋ ಇಲ್ವೋ?"

"ಬೀಳುತ್ತೆ."

"ಬಿದ್ದಿದ್ದೂ ಮಳೆಗೆ ಕರಗಿ ಹೋಗುತ್ತೋ ಇಲ್ವೋ? ಆಮೇಲೆ ನಡುವೆ ನಾಲ್ಕು ದಿನ ಕೊರೆಯೋ ಚಳಿ ಬಂದ್ರೆ, ಹೊದಿಕೆ ಇಲ್ದೆ ಮಲಗಿರೋ ನೆಲದ ಗತಿ ಏನು? ಸಣ್ಣ ಬೇರೆಲ್ಲ ಸೆಟೆದು ಸಾಯುತ್ತೆ. ವಸಂತ ಬಂದಾಗ ಮಣ್ಣಲ್ಲಿ ಸಾರಜನಕ ತಯಾರಾಗಿರುತ್ತೆ, ಹೀರೋಕೆ ಬೇರಿಲ್ಲ. ಎಲೆ ಹಾಕಿ ಬಡಿಸಿ, ಊಟಕ್ಕೆ ಯಾರೂ ಕೂರದೇ ಇದ್ದ ಹಾಗೆ. ಎಲ್ಲ ಕರಗುನೀರಲ್ಲಿ ಹಳ್ಳ ಸೇರುತ್ತೆ."

"ಬೇರಿಗೂ ಊಟ ಬಡಿಸ್ತೀಯಲ್ಲ, ಮೊದಲು ನೀನು ಊಟ ಮಾಡು," ಎನ್ನುತ್ತಿದ್ದಳು ಪಕ್ಕದ ಮನೆಯ ಗೆರ್ಡಾ. ಅಂಚೆ ಹಂಚಿ ನಿವೃತ್ತಳಾದ ಮುದುಕಿ, ಮಾತು ಒರಟು, ಕೈ ಧಾರಾಳ.

ಜನವರಿಯಲ್ಲಿ ಲೋವಾಳಿಗೆ ಜ್ವರ ಬಂತು. ಹಿಂದಿನ ವಾರದ ಮಳೆಗೆ ಹಿಮ ಅರ್ಧಕ್ಕಿಳಿದು, ಮೇಲೆ ಹಗುರವಾಗಿ ಹೊಸದು ಬಿದ್ದಿತ್ತು. ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದ ಹಿಲ್ಲೆವಿಗೆ ಒಂದೆರಡು ದಿನ ಕಾಡಿನ ಕಡೆ ಹೋಗಲಾಗಲಿಲ್ಲ. ಜ್ವರ ಇಳಿದ ಬೆಳಗ್ಗೆ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಾಗ ಎವರ್ಟ್ ಬಾಗಿಲಲ್ಲಿ ಬೂಟು ಕುಟ್ಟಿ ಹಿಮ ಉದುರಿಸಿ ಒಳಬಂದ. ಮುಖದಲ್ಲಿ ಕಳೆ.

"ಸುಸ್ತಾಗಿದೀಯ ಅಂತ ನಾನೇ ಕಾಡಿಗೆ ಹೋಗಿದ್ದೆ. ಅರ್ಧಂಬರ್ಧ ಮಾಡಿಬಿಟ್ಟಿದ್ಯಲ್ಲ ಹುಡುಗಿ, ನೋಡಿದವರು ಏನಂದಾರು? ಉಳಿದಿದ್ದರಲ್ಲಿ ಎರಡು ಚೊಕ್ಕ ಮಾಡಿ ಬಂದೆ. ಮೂರನೇದು ಊಟ ಆದ ಮೇಲೆ."

ಚಮಚ ಮಗುವಿನ ಬಾಯಿಯ ಮುಂದೆಯೇ ನಿಂತಿತು. ಬೈಯುವುದಾದರೂ ಹೇಗೆ? ಆ ಹಳ್ಳಿಯಲ್ಲಿ ತನ್ನ ಅಂಗಳದ ಹಿಮ ತೆಗೆದವನು ಪಕ್ಕದ ಮನೆಯ ಮೆಟ್ಟಿಲನ್ನೂ ತೆಗೆದೇ ಒಳಗೆ ಹೋಗುವುದು. ಅರ್ಧ ತೆಗೆದು ಬಿಟ್ಟ ಹಿಮ ಕಂಡರೆ ಯಾರ ಕೈಯೂ ಸುಮ್ಮನಿರದು. ಅವಳು ಎಷ್ಟು ಬಾರಿ ಬಿಡಿಸಿ ಹೇಳಿದ್ದರೂ, ಹಗ್ಗ ಕಟ್ಟಿದ ಆ ಬಿಳಿ ಚೌಕಗಳು ಮಾವನ ಕಣ್ಣಿಗೆ ಸೊಸೆ ಮುಗಿಸಲಾಗದೆ ಬಿಟ್ಟ ಕೆಲಸವಾಗಿಯೇ ಕಂಡಿದ್ದವು.

"ಮಾವ," ಎಂದಳು ಕೊನೆಗೆ, "ಆ ಮೂರು ಚೌಕ ಇದ್ದಿದ್ದೇ ಹಿಮ ಹೊದ್ದು ಮಲಗೋಕೆ."

ಎವರ್ಟ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮತ್ತೆ ತಲೆಗೆ ಹಾಕಿಕೊಂಡ. ಕೂರಲಿಲ್ಲ.

ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದರು: ಮಧ್ಯಾಹ್ನದಿಂದ ಆಕಾಶ ತಿಳಿ, ಕತ್ತಲಾಗುತ್ತಲೇ ಮೈನಸ್ ಮೂವತ್ತರತ್ತ. ಹಿಲ್ಲೆವಿ ಊಮಿಯೋ ನಗರದ ಸಂಶೋಧನಾ ಕೇಂದ್ರಕ್ಕೆ ಫೋನ್ ಮಾಡಿದಳು. ಪ್ರಯೋಗದ ಹೊಣೆ ಹೊತ್ತ ಟೂರಾ ನಡೆದದ್ದು ತಿಳಿದು ಕೇಳಿದಳು, "ನೆಲ ಇನ್ನೂ ಹೆಪ್ಪುಗಟ್ಟಿಲ್ಲ ತಾನೆ?"

"ಈಗ ಹೊರಗೆ ಬರೀ ಮೈನಸ್ ಎರಡು."

"ಹಾಗಾದ್ರೆ ಚಳಿ ಇಳಿಯೋದ್ರೊಳಗೆ ಹೊದಿಸಿಬಿಡು. ಹೊಸ ಸಡಿಲ ಹಿಮ ಮಾತ್ರ. ಒಳಗೆ ಕಾಲಿಡಬೇಡ, ಒತ್ತಬೇಡ, ನಡುವೆ ಗಾಳಿ ಉಳಿದ್ರೇನೇ ಹಿಮ ನೆಲಾನ ಬೆಚ್ಚಗಿಡೋದು. ಆಕಾಶದಿಂದ ಬಿದ್ದ ಹಾಗೆ ಉದುರಿಸು. ಏನೇನು ಮಾಡಿದ್ರೋ ಒಂದನ್ನೂ ಮುಚ್ಚಿಡದೆ ನಂಗೆ ಹೇಳು."

ಹೇಳುವಷ್ಟು ಸುಲಭವೇ? ಎವರ್ಟ್ ತೆಗೆದ ಹಿಮವನ್ನು ಅಭ್ಯಾಸಬಲದಿಂದ ಬದಿಯಲ್ಲಿ ಗೋಡೆಯಂತೆ ಪೇರಿಸಿ, ಸಲಿಕೆಯ ಬೆನ್ನಿಂದ ತಟ್ಟಿ ಗಟ್ಟಿ ಮಾಡಿದ್ದ. ಅದು ಉಪಯೋಗಕ್ಕಿಲ್ಲ. ದೂರದ ಜೌಗಿನ ಬಯಲಲ್ಲಿ ಹೊಸ ಹಿಮ ಹೂವಿನಂತೆ ಬಿದ್ದಿತ್ತು. ಅಲ್ಲಿಂದ ಹೊರಬೇಕು.

ಹಿಲ್ಲೆವಿ ಗೆರ್ಡಾಳ ಕಿಟಕಿ ಬಡಿದಳು. ಗೆರ್ಡಾ ಪೂರ್ತಿ ಕೇಳಿಸಿಕೊಂಡು, "ಚಳಿಗಾಲದಲ್ಲಿ ಕಾಡಿಗೆ ಹಿಮ ಹೊರೋದು. ಅದನ್ನೂ ನೋಡೋಕೆ ಬದುಕಿದ್ದೆ ನಾನು," ಎಂದಳು. ಅಷ್ಟರಲ್ಲಿ ಬೂಟಿಗೆ ಕಾಲು ಹಾಕಿಯಾಗಿತ್ತು. ದಾರಿಯುದ್ದಕ್ಕೂ ಬಾಗಿಲು ಬಡಿದು ಜನ ಎಬ್ಬಿಸಿದವಳೂ ಅವಳೇ. ಜಾರುಬಂಡಿ, ಮಗುವಿನ ಸ್ನಾನದ ಟಬ್ಬು, ಆಲೂಗಡ್ಡೆ ಬುಟ್ಟಿ, ಮೀನಿನ ಡಬ್ಬ ಹಿಡಿದು ಹಳ್ಳಿಗೆ ಹಳ್ಳಿಯೇ ಜೌಗಿಗಿಳಿಯಿತು. ಲೋವಾ ಗೆರ್ಡಾಳ ಕೋಟಿನೊಳಗೆ ಸೇರಿ ಕಣ್ಣಷ್ಟೇ ಹೊರಗಿಟ್ಟು ನೋಡುತ್ತಿತ್ತು.

ಉದುರಿಸುವುದು ಹೇಗೆ ಎನ್ನುವುದೇ ತೊಡಕಾಯಿತು. ಟಬ್ಬು ಬಗ್ಗಿಸಿದರೆ ಹಿಮ ಧೊಪ್ಪೆಂದು ಮುದ್ದೆಯಾಗಿ ಬೀಳುತ್ತಿತ್ತು. ಆಗ ಎವರ್ಟ್ ಮನೆಗೆ ಹೋಗಿ, ಕಾಡುಹಣ್ಣಿನ ಎಲೆ ಕಡ್ಡಿ ಬೇರ್ಪಡಿಸುವ ತಂತಿ ಜರಡಿ ತಂದ. ಚೌಕದ ಮೇಲೆ ಅಡ್ಡ ಏಣಿ ಇಟ್ಟು, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಹಿಟ್ಟು ಜರಡಿ ಹಿಡಿದಂತೆ ಹಿಮ ಜರಡಿ ಹಿಡಿಯತೊಡಗಿದ.

"ಕೇಕಿಗೆ ಸಕ್ಕರೆ ಪುಡಿ ಹಾಕ್ತಿದೀಯೇನೋ ಎವರ್ಟ್?" ಗೆರ್ಡಾ ಕೂಗಿದಳು.

"ನಿನ್ನ ಕೇಕಿಗಿಂತ ಮೆತ್ತಗಿದೆ ಬಾ."

ಹಿಲ್ಲೆವಿ ಬಯಲಿಗೂ ಕಾಡಿಗೂ ಓಡಾಡಿ ಬೆವತಳು. ಉಸಿರು ಎದೆಯಲ್ಲಿ ನಿಲ್ಲುತ್ತಿರಲಿಲ್ಲ, ಆದರೂ ಕಾಲುಗಳು ಓಡುತ್ತಲೇ ಇದ್ದವು. ಮೊದಲ ಚೌಕ ತುಂಬಿತು. ಅಳತೆಕೋಲು ಇಟ್ಟು ನೋಡಿದಳು, ಪಕ್ಕದ ಮುಟ್ಟದ ಚೌಕದಷ್ಟೇ ದಪ್ಪ. ಎರಡನೆಯದು ತುಂಬುವಷ್ಟರಲ್ಲಿ ಸೂರ್ಯ ಸ್ಪ್ರೂಸ್ ಮರಗಳ ಹಿಂದೆ ಜಾರಿದ್ದ, ಮೂಗಿನ ಹೊಳ್ಳೆಗಳು ಒಳಗಿಂದಲೇ ಅಂಟಿಕೊಳ್ಳತೊಡಗಿದ್ದವು. ಆ ಚೌಕದಲ್ಲಿ ಇನ್ನೊಂದು ತೊಡಕು: ಎವರ್ಟ್‌ನ ಭಾರದ ಬೂಟುಗಳು ತಳದ ಹಿಮವನ್ನು ಕಲ್ಲಿನಂತೆ ತುಳಿದಿದ್ದವು, ಕೆರೆದು ತೆಗೆಯಲು ಹೋದರೆ ಪಾಚಿಯೇ ಕಿತ್ತು ಬರುತ್ತಿತ್ತು. ಅದರ ಮೇಲೆಯೇ ಉದುರಿಸಿ, ಆ ಸಂಗತಿಯನ್ನೂ ಟೂರಾಳಿಗೆ ಹೇಳಿದಳು.

ಏಪ್ರಿಲ್‌ನಲ್ಲಿ ಹಿಮದ ಮೇಲ್ಪದರ ಬೆಳಗ್ಗೆ ಗಟ್ಟಿಯಾಗಿ, ಬೇಕಾದಲ್ಲಿ ನಡೆದು ಹೋಗುವಂತಾಯಿತು. ಮಣ್ಣಿನ ನೀರು ಹೀರಿ ಹಿಡಿಯಲು ಚೌಕಗಳ ನೆಲದಡಿ ಹೂತ ಪಿಂಗಾಣಿ ಬಟ್ಟಲುಗಳಿಂದ ಬರುವ ಕೊಳವೆಗಳನ್ನು ದಿನವೂ ನೋಡಿ ಬರುತ್ತಿದ್ದಳು. ಒಂದು ದಿನ ಕೊಳವೆಯೊಳಗೆ ಹನಿಯೊಂದು ನಡುಗುತ್ತಾ ಬಂದು ಬಾಟಲಿಗಿಳಿಯಿತು. "ಬಂತು ಕಣೇ ಲೋವಾ, ಬಂತು," ಎಂದು ಮಗುವನ್ನೆತ್ತಿ ಮರದ ಸುತ್ತ ತಿರುಗಿದಳು.

ಫಲಿತಾಂಶ ಬಂದ ದಿನ ಟೂರಾ ಫೋನಿನಲ್ಲಿ ಉಸಿರು ಬಿಡದೆ ಮಾತಾಡಿದಳು. ಹಿಲ್ಲೆವಿ ಹಿಮ ತೆಗೆದಿದ್ದ ಬರಿಯ ಚೌಕಗಳ ನೀರಿನಲ್ಲಿ ಸಾರಜನಕ ತುಂಬಿ ಹರಿದಿತ್ತು. ಮುಟ್ಟದ ಚೌಕದಲ್ಲೂ ಮೊದಲು ಹೊದಿಸಿದ ಚೌಕದಲ್ಲೂ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಎವರ್ಟ್ ತುಳಿದಿದ್ದರದ್ದು ಎರಡರ ನಡುವೆ.

"ಒಂದು ಚೌಕ ನೋಡಿ ಏನೂ ಹೇಳೋಕಾಗಲ್ಲ," ಎಂದಳು ಟೂರಾ. "ಆದ್ರೆ ಹಿಮ ಇದ್ದೂ ಗಟ್ಟಿಯಾದ್ರೆ ಬೇರು ಉಳಿಯುತ್ತಾ? ಮಳೆ ಬಿದ್ದು ಹಿಮ ಕುಸಿದ್ರೂ ಹೀಗೇ ಆಗುತ್ತಾ? ಇದನ್ನ ಕೇಳಲೇಬೇಕು. ಕೆಲಸ ಮುಂದುವರಿಸೋಕೆ ಒಪ್ಪಿದಾರೆ. ಇನ್ನೂ ಮೂರು ಚೌಕ ಸೇರಿಸ್ತೀವಿ, ತುಳಿಯೋಕೆ."

ಹಿಲ್ಲೆವಿ ಫೋನ್ ಇಟ್ಟು, ಕಾಲಿಗೆ ಸಿಕ್ಕಿದ ಚಪ್ಪಲಿಯಲ್ಲೇ ಅಂಗಳಕ್ಕೆ ಓಡಿದಳು. ಸೌದೆ ಒಡೆಯುತ್ತಿದ್ದ ಎವರ್ಟ್ ಎಲ್ಲ ಕೇಳಿ, ಕೊಡಲಿ ಊರಿ ನಿಂತ.

"ಹಾಗಾದ್ರೆ ನಾನು ಹಾಳು ಮಾಡಿದ್ದು ಒಳ್ಳೇದೇ ಆಯ್ತು ಅನ್ನು."

"ಹಾಗನ್ನಲ್ಲ ಮಾವ. ಮುಂದಿನ ಚಳಿಗಾಲ ಸರಿಯಾಗಿ ಹಾಳು ಮಾಡೋದು ಹೇಗೆ ಅಂತ ಹೇಳಿಕೊಡ್ತೀನಿ, ಕಲಿತುಕೊಳ್ಳಿ."