ಗುಜರಿ ಆನೆ ಮಾಡಿದ ದೊರೆಸ್ವಾಮಿ

ದೊರೆಸ್ವಾಮಿ ಹೆಂಡತಿಯನ್ನೂ ಹಿಂಗೈಯಿಂದಲೇ ಮುಟ್ಟುತ್ತಿದ್ದ. ಕೇಳಿದವರು ನಗಬಹುದು, ಆದರೆ ಚಿಕ್ಕನಿಂಗಮ್ಮ ಮದುವೆಯಾದ ಹೊಸತರಲ್ಲಿ ಇದಕ್ಕಾಗಿ ಅತ್ತಿದ್ದಳು. ಜ್ವರ ಬಂದರೆ ಹಣೆಗೆ ಹಿಂಗೈ, ಮುನಿಸಿಕೊಂಡರೆ ಕೆನ್ನೆಗೆ ಹಿಂಗೈ. "ನನ್ನೇನು ಕರೆಂಟ್ ತಂತಿ ಅಂದ್ಕಂಡಿದ್ದಯಾ?" ಎಂದು ಒಮ್ಮೆ ಸಿಡುಕಿದ್ದಕ್ಕೆ ಆ ಮಹಾರಾಯ ನಗಲಿಲ್ಲ, ಕೂರಿಸಿಕೊಂಡು ಪಾಠ ಹೇಳಿದ. ವೆಲ್ಡಿಂಗ್ ಮಾಡುವವನು ಯಾವ ಕಬ್ಬಿಣವನ್ನೂ ಮೊದಲು ಅಂಗೈಯಲ್ಲಿ ಮುಟ್ಟಬಾರದಂತೆ. ಕರೆಂಟಿದ್ದರೆ ಬೆರಳು ಮಡಚಿಕೊಂಡು ಕೈ ಅಲ್ಲೇ ಕಚ್ಚಿಕೊಳ್ಳುತ್ತದೆ, ಬಿಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ. ಹಿಂಗೈ ತಾಕಿಸಿದರೆ ಒದ್ದು ಆಚೆ ತಳ್ಳುತ್ತದೆ. ಒದೆ ತಿಂದವನು ಬದುಕಿಕೊಳ್ಳುತ್ತಾನೆ. ಅಂಗಡಿಯ ಆ ಅಭ್ಯಾಸ ಅವನ ಜೊತೆ ಮನೆಗೂ ಬಂದಿತ್ತು, ಅಷ್ಟೆ.

ಅಂಗಡಿ ಎಂದರೆ ಗುಂಡ್ಲುಪೇಟೆಯ ಗುಜರಿ. ಊಟಿ ರಸ್ತೆಯಲ್ಲೋ ಕೇರಳದ ರಸ್ತೆಯಲ್ಲೋ ನುಜ್ಜುಗುಜ್ಜಾದ ಕಾರುಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಅವನ್ನು ಕುಯ್ಯುವುದು ದೊರೆಸ್ವಾಮಿಯ ಕೆಲಸ. ಕುಯ್ದು ಸುಮ್ಮನಿದ್ದನೇ? ಕ್ಲಚ್ ಪ್ಲೇಟುಗಳನ್ನು ಬೆಸೆದು ನವಿಲು ಮಾಡಿದ, ವೈಪರ್ ಕಡ್ಡಿಗಳ ಮೇಲೆ ಕೊಕ್ಕರೆ ನಿಲ್ಲಿಸಿದ. ಮನೆ ಮುಂದೆ ಬಟ್ಟೆ ಒಣಗಿಸಲು ಜಾಗವಿಲ್ಲದಂತಾಯಿತೆಂದು ಚಿಕ್ಕನಿಂಗಮ್ಮ ದಿನಾ ಬೈಯುತ್ತಿದ್ದಳು. ನೋಡಲು ಯಾರಾದರೂ ಬಂದರೆ ಮಾತ್ರ ಓಡಿಹೋಗಿ ನವಿಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

ಅವಳು ಚೆಂಡುಹೂ ಕೀಳಲು ಹೋಗುತ್ತಿದ್ದುದು ಕೇರಳದ ರಸ್ತೆಯಲ್ಲಿ ಮದ್ದೂರಿನ ಕಡೆಗಿದ್ದ ಸೋಮೇಶನ ತೋಟಕ್ಕೆ. ಹೂವಿನ ಕಾಲದಲ್ಲಿ ಕೇರಳದವರು ಕಾರು ನಿಲ್ಲಿಸಿ ಫೋಟೋ ಹಿಡಿದುಕೊಳ್ಳುವ ಜಾಗ ಅದು. ಅಲ್ಲೊಂದು ಆನೆಯಿದ್ದರೆ ಇನ್ನೂ ಚೆಂದ ಎಂದು ಸೋಮೇಶನಿಗೆ ಅನ್ನಿಸಿತು, ದೊರೆಸ್ವಾಮಿಗೆ ಹೇಳಿಕಳಿಸಿದ. ಬಾನೆಟ್ಟುಗಳು ಕಿವಿಯಾದವು, ಸೈಲೆನ್ಸರ್ ಕೊಳವೆಗಳು ಸೊಂಡಿಲಾದವು, ಬ್ರೇಕ್ ಡ್ರಮ್ಮುಗಳು ಪಾದಗಳಾದವು. ನೆಲದ ತೇವಕ್ಕೆ ತುಕ್ಕು ಹಿಡಿಯದಿರಲೆಂದು ನಾಲ್ಕು ಪಾದಗಳನ್ನೂ ಹಳೇ ಟೈರುಗಳ ಮೇಲೆ ಕೂರಿಸಿದ. ಆನೆ ಎಂದ ಮೇಲೆ ಗಣಪನೇ ತಾನೇ? ಮಾರನೆಯ ವಾರಕ್ಕೇ ಯಾರೋ ಹಣೆಗೆ ವಿಭೂತಿ ಎಳೆದರು. ಹೂ ಕೀಳುವ ಹೆಂಗಸರು ಬೆಳಗ್ಗೆ ಎರಡೂ ಅಂಗೈಗಳಲ್ಲಿ ಅದರ ಪಾದ ಮುಟ್ಟಿ, ಕಣ್ಣಿಗೊತ್ತಿಕೊಂಡು ಸಾಲಿಗಿಳಿಯತೊಡಗಿದರು. ಎಲ್ಲರಿಗಿಂತ ಮೊದಲು ಚಿಕ್ಕನಿಂಗಮ್ಮ. ಗಂಡ ಮಾಡಿದ ದೇವರೆಂದು ಅವಳಿಗೆ ಒಳಗೊಳಗೇ ಜಂಬ.

ಒಂದು ಬೆಳಗ್ಗೆ ಆನೆಯ ಬುಡದಲ್ಲಿ ಮುಂಗುಸಿ ಸತ್ತಿತ್ತು. ಆಮೇಲೊಂದು ದಿನ ಬೀದಿನಾಯಿ. ದೇವರು ಬಲಿ ಕೇಳುತ್ತಿದೆ ಎಂದು ಹೆಂಗಸರು ಪಿಸುಗುಟ್ಟಿದರು, ತೆಂಗಿನಕಾಯಿ ಒಡೆದು ಅದರ ನೀರನ್ನು ಪಾದಕ್ಕೆ ಸುರಿದರು. ಸೋಮೇಶ ಕೇಳಿಸಿಕೊಂಡು ಸುಮ್ಮನಿದ್ದ. ಹೆದರಿ ಯಾರೂ ಕತ್ತಲಲ್ಲಿ ತೋಟಕ್ಕೆ ಕಾಲಿಡದಿದ್ದರೆ ಅವನಿಗೇನು ನಷ್ಟ?

ಸುದ್ದಿ ಕೇಳಿದ ದೊರೆಸ್ವಾಮಿ ಬಂದು ನಾಯಿಯ ಮೂತಿ ನೋಡಿದ, ಸುಟ್ಟಿತ್ತು. ಆನೆಯ ಹಿಂದಕ್ಕೆ ಹೋದ. ಹಿಂಗಾಲಿಗೆ ಸುತ್ತಿದ ಬೇಲಿ ತಂತಿಯೊಂದು ಹೂಗಿಡಗಳ ಸಂದಿಯಲ್ಲಿ ನುಸುಳಿ ಪಂಪ್‌ಸೆಟ್ಟಿನ ಮನೆಗೆ ಹೋಗಿತ್ತು. ರಾತ್ರಿಯ ಕಾಡುಹಂದಿ ಕಾಟಕ್ಕೆ ಬಿಟ್ಟ ಕರೆಂಟು. ಗೂಟ ನೆಡುವ ಕಷ್ಟವೇಕೆಂದು ಸೋಮೇಶ ಆನೆಯನ್ನೇ ಗೂಟ ಮಾಡಿಕೊಂಡಿದ್ದ. ಪಾದದಡಿಯ ಟೈರುಗಳು ಕರೆಂಟನ್ನು ನೆಲಕ್ಕಿಳಿಯಗೊಡದೆ ಆನೆಯ ಮೈಯಲ್ಲೇ ಉಳಿಸುತ್ತಿದ್ದವು. ದೊರೆಸ್ವಾಮಿ ತಂತಿ ಬಿಚ್ಚಿ ಎಸೆದ, ಮರುದಿನ ಅದು ಮತ್ತೆ ಅಲ್ಲೇ ಇತ್ತು. ಕೇಳಲು ಹೋದರೆ ಸೋಮೇಶ, ಹೆಂಗಸರು ಬರುವ ಮೊದಲೇ ತಾನು ಎದ್ದು ಸ್ವಿಚ್ಚು ತೆಗೆಯುತ್ತೇನೆ, ಆನೆ ಮಾಡಿಕೊಟ್ಟಾಯಿತಲ್ಲ, ಇನ್ನು ನಿನ್ನ ಕೆಲಸ ನೋಡಿಕೋ ಎಂದ.

ದೊರೆಸ್ವಾಮಿ ಗ್ಯಾಸ್ ಕಟರ್ ಹೊತ್ತು ತಂದ. ಹೆಂಗಸರು ಅಡ್ಡ ನಿಂತರು, ಮುಂದೆ ನಿಂತವಳು ಅವನ ಹೆಂಡತಿಯೇ.

"ದೇವ್ರ ಕಾಲ್ನೇ ಕುಯ್ಯಾಕ್ ಬಂದಿದ್ದಯಾ?"

"ಅದು ದೇವ್ರಲ್ಲ ಕಣಮ್ಮಿ, ಗುಜರಿ. ಕರೆಂಟ್ ಬುಟ್ಟವ್ರೆ ಅದುಕ್ಕೆ."

ತೋರಿಸುತ್ತೇನೆಂದು ಹೊತ್ತು ಮರೆತು ಹಿಂಗೈ ತಾಕಿಸಿದ. ಮಟಮಟ ಮಧ್ಯಾಹ್ನ, ಸ್ವಿಚ್ಚು ತೆಗೆದಿತ್ತು, ಏನೂ ಆಗಲಿಲ್ಲ. ಹೆಂಗಸರು ಗೊಳ್ಳೆಂದರು. ಚಿಕ್ಕನಿಂಗಮ್ಮನೂ ನಕ್ಕಳು. ಆ ನಗು ಅವಳನ್ನು ಇವತ್ತಿಗೂ ತಿನ್ನುತ್ತದೆ.

ತೋಟಕ್ಕೆ ಹೋಗಬೇಡ ಎಂದು ಅವನು ಬೇಡಿಕೊಂಡ. ಹೋಗುತ್ತೇನೆ, ಪಾದವನ್ನೂ ಮುಟ್ಟುತ್ತೇನೆ ಎಂದಳು. ಹಠವೆಂದರೆ ಹಠ. ಆಗ ಅವನು ವಾದ ಬಿಟ್ಟ. ದಿನಾ ಬೆಳಗ್ಗೆ ಅವಳ ಜೊತೆ ನಡೆದುಬಂದು, ಅವಳಿಗಿಂತ ಮೊದಲು ಆನೆಗೆ ಹಿಂಗೈ ತಾಕಿಸಿ, ಆಮೇಲೆ ಅಂಗಡಿಯ ದಾರಿ ಹಿಡಿಯುತ್ತಿದ್ದ. ಪೂಜಾರಪ್ಪ ಬಂದ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಅವನ ಕಣ್ಣಡಿ ಕಪ್ಪಾಗುತ್ತಿದ್ದುದನ್ನು ಚಿಕ್ಕನಿಂಗಮ್ಮ ಕಂಡೂ ಕಾಣದವಳಂತಿದ್ದಳು.

ಆವತ್ತು ಇಬ್ಬನಿ ಕವಿದಿತ್ತು. ಹಿಂದಿನ ರಾತ್ರಿಯಿಂದ ಕರೆಂಟಿರಲಿಲ್ಲ, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಸದ್ದಿಲ್ಲದೆ ಬಿದ್ದಿದ್ದವು. ಕರೆಂಟೇ ಇಲ್ಲದ ಮೇಲೆ ಸ್ವಿಚ್ಚು ತೆಗೆಯಲು ಯಾರು ಏಳುತ್ತಾರೆ? ಸೋಮೇಶ ಹೊದ್ದು ಮಲಗಿದ್ದ. ದೊರೆಸ್ವಾಮಿ ಎಂದಿನಂತೆ ಹಿಂಗೈ ತಾಕಿಸಿದ. ಆನೆ ತಣ್ಣಗಿತ್ತು. ಹೆಂಡತಿಯ ಕಡೆ ತಿರುಗಿ ತಲೆಯಾಡಿಸಿದ.

"ಸಮಾಧಾನ ಆಯ್ತಾ?" ಎಂದು ಅವಳು ಎರಡೂ ಕೈ ಚಾಚಿ ಬಗ್ಗಿದಳು.

ಪಕ್ಕದ ಹೊಲದಲ್ಲಿ, ಕರೆಂಟು ಬಂದರೆ ತಾನಾಗಿ ಶುರುವಾಗುವ ಮೋಟರೊಂದು ಗುರ್ ಎಂದಿತು.

ಅವಳಿಗೆ ಅದು ಬರೀ ಮೋಟರಿನ ಸದ್ದು. ಅವನಿಗೆ ಎಲ್ಲವೂ ತಿಳಿಯಿತು. ಭುಜ ಕೊಟ್ಟು ಅವಳನ್ನು ನೂಕಿದ. ಅವಳು ಹೂಗಿಡಗಳ ಮೇಲೆ ಬಿದ್ದಳು. ನೂಕಿದ ರಭಸಕ್ಕೆ ಅವನೂ ಮುಗ್ಗರಿಸಿದ. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಸಿಕ್ಕಿದ್ದು ಸೊಂಡಿಲು, ಹಿಡಿದದ್ದು ಅಂಗೈ.

ಯಾರೋ ಪಂಪ್‌ಸೆಟ್ಟಿನ ಮನೆಗೆ ಓಡಿ ಸ್ವಿಚ್ಚು ತೆಗೆದರು. ಅಷ್ಟರಲ್ಲಿ ಮುಗಿದಿತ್ತು. ಚಿಕ್ಕನಿಂಗಮ್ಮ ತೆವಳಿಕೊಂಡು ಬಂದು ಅವನ ಪಕ್ಕ ಕುಳಿತಳು. ಹಿಂದಿದ್ದ ಹೆಂಗಸೊಬ್ಬಳು, ಮಾಡಿದವನನ್ನೇ ತಗೊಂಡುಬಿಟ್ಟಿತಲ್ಲ ದೇವರು ಎಂದು ಆನೆಗೆ ಕೈ ಮುಗಿಯುತ್ತಿದ್ದಳು. ಅವನ ಬೆರಳುಗಳು ಮಡಚಿಕೊಂಡೇ ಇದ್ದವು, ಎಷ್ಟು ಬಿಡಿಸಿದರೂ ಬಿಡಲಿಲ್ಲ. ಚಿಕ್ಕನಿಂಗಮ್ಮ ತನ್ನ ಕೈ ತಿರುಗಿಸಿ, ಹಿಂಗೈಯನ್ನು ಅವನ ಕೆನ್ನೆಗೆ ತಾಕಿಸಿದಳು.

ಒದೆಯಲಿಲ್ಲ.